ಹಳೆಮನೆಯ ಮರದಿಂದ ಹಬ್ಬದ ಅಲಂಕಾರ ಮತ್ತು ಪೀಠೋಪಕರಣ: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಕಡೆಯ ಅಜ್ಜಿಮನೆಯನ್ನು ಕೆಡವಿದಾಗ ಜಂತೆ, ಬಾಗಿಲು, ಕಿಟಕಿ, ಅಟ್ಟದ ಹಲಗೆಗಳೆಲ್ಲ ಅಂಗಳದಲ್ಲಿ ರಾಶಿ ಬಿದ್ದಿದ್ದವು. ಗುಜರಿಯವನು ಬರುವ ಮೊದಲೇ ಒಂದಷ್ಟು ಆರಿಸಿಕೊಂಡೆ. ನಾನು ಬಡಗಿಯಲ್ಲ, ಭಾನುವಾರದ ಮರಗೆಲಸದವನು. ಆ ಮರದಲ್ಲಿ ದಸರೆಯ ಗೊಂಬೆ ಮೆಟ್ಟಿಲು, ದೀಪದ ಹಲಗೆ, ಒಂದು ಬೆಂಚು, ನಾಲ್ಕಾರು ಮಣೆಗಳಾದವು. ನೋಡಿದವರೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವಕ್ಕೆ ನನ್ನ ಉತ್ತರಗಳು ಇಲ್ಲಿವೆ.

ಹಳೆಯ ಮರ ಎಲ್ಲಿ ಸಿಗುತ್ತದೆ?

ಮೊದಲು ನಿಮ್ಮ ಮನೆಯ ಅಟ್ಟದಲ್ಲೇ ನೋಡಿ. ಕಾಲು ಮುರಿದ ಮಂಚ, ಗಾಜು ಹೋದ ಕಿಟಕಿ ಬಾಗಿಲು, ಯಾರೂ ಕೂರದ ಶಾಲೆಯ ಬೆಂಚು ಇರಬಹುದು. ನಂತರ ಬೀದಿ ನೋಡಿ. ಹಳೆಯ ಹೆಂಚಿನ ಮನೆ ಕೆಡವುತ್ತಿದ್ದರೆ ಮನೆಯ ಮಾಲೀಕರಿಗಿಂತ ಕೆಡವುವ ಗುತ್ತಿಗೆದಾರನನ್ನು ಮಾತನಾಡಿಸುವುದು ಒಳ್ಳೆಯದು, ಏಕೆಂದರೆ ಮರ ಹೆಚ್ಚಾಗಿ ಅವನ ಲೆಕ್ಕಕ್ಕೇ ಸೇರಿರುತ್ತದೆ. ಒಳ್ಳೆಯ ತೊಲೆಗಳು ಹಳೆಮರದ ವ್ಯಾಪಾರಿಗೆ ಹೋಗುತ್ತವೆ. ನಮ್ಮಂಥವರಿಗೆ ಬೇಕಾದ ಮೂರು ನಾಲ್ಕು ಅಡಿಯ ತುಂಡುಗಳು ಸೌದೆಯ ರಾಶಿಯಲ್ಲಿರುತ್ತವೆ, ಸೌದೆಯ ಬೆಲೆಗೇ ಸಿಗುತ್ತವೆ. ಬೆಂಗಳೂರಿನಲ್ಲಿರುವವರಿಗೆ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಸಾಮಾನು ಬಂದಿಳಿದ ಪ್ಯಾಲೆಟ್‌ಗಳೂ ಪ್ಯಾಕಿಂಗ್ ಪೆಟ್ಟಿಗೆಗಳೂ ಸಿಗುತ್ತವೆ.

ವ್ಯಾಪಾರಿಯಿಂದ ಕೊಳ್ಳುವುದಾದರೆ ಘನ ಅಡಿಯ ಲೆಕ್ಕ ಗೊತ್ತಿರಲಿ. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಇಂಚಿನಲ್ಲಿ ಅಳೆದು ಮೂರನ್ನೂ ಗುಣಿಸಿ 144ರಿಂದ ಭಾಗಿಸಬೇಕು. 6 ಅಡಿ ಉದ್ದ, 8 ಇಂಚು ಅಗಲ, 2 ಇಂಚು ದಪ್ಪದ ಹಲಗೆ ಎಂದರೆ 96 ಭಾಗಿಸು 144, ಅಂದರೆ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ, 0.67 ಘನ ಅಡಿ. ತುದಿಯಲ್ಲಿ ಕೊಳೆತ ಭಾಗವನ್ನು ಉದ್ದದಿಂದ ಕಳೆದು ಅಳೆಯಲು ಹೇಳಿ. ವ್ಯಾಪಾರಿ ಮುಖ ಗಂಟಿಕ್ಕುತ್ತಾನೆ, ಆದರೆ ಒಪ್ಪುತ್ತಾನೆ.

ಯಾವ ಮರ ಎಂದು ಗುರುತಿಸುವುದು ಹೇಗೆ?

ಹೊರಮೈ ನೋಡಿ ಹೇಳಲಾಗದು. ಐವತ್ತು ವರ್ಷ ಹೊಗೆ ಕುಡಿದ ಮರವೆಲ್ಲ ಒಂದೇ ಕಪ್ಪು. ಒಂದು ಮೂಲೆಯನ್ನು ಉಳಿಯಿಂದ ಕೆತ್ತಿ ಒಳಬಣ್ಣ ನೋಡಿ, ಮೂಸಿ, ಕೈಯಲ್ಲಿ ತೂಗಿ.

ತೇಗದ ಹೊಟ್ಟು ಮುಟ್ಟಿದರೆ ಎಣ್ಣೆ ಜಿಡ್ಡು, ವಾಸನೆ ಹಳೆಯ ಚರ್ಮದ್ದು. ಬೀಟೆ ಕಪ್ಪು ನೇರಳೆ, ತೂಕ ಹೆಚ್ಚು, ಕೆತ್ತಿದರೆ ಸಿಹಿಯಾದ ಕಂಪು. ಹಲಸು ಹೊಸದಾಗಿ ಕೊಯ್ದಾಗ ಅರಿಸಿನದ ಹಾಗಿದ್ದು ವರ್ಷಗಳು ಕಳೆದಂತೆ ಕಂದಾಗುತ್ತದೆ. ಕೈಯುಪಕರಣಕ್ಕೆ ಇಷ್ಟು ಮಣಿಯುವ ಮರ ಇನ್ನೊಂದಿಲ್ಲ, ಹೊಸಬರಿಗೆ ನನ್ನ ಶಿಫಾರಸು ಅದೇ. ಮತ್ತಿ ಮಾತ್ರ ಹಠಮಾರಿ. ತೂತು ಕೊರೆಯದೆ ಮೊಳೆ ಹೊಡೆದರೆ ಬಾಗುವುದು ಮೊಳೆ.

ಹೊನ್ನೆಯನ್ನು ನೀರೇ ತೋರಿಸಿಕೊಡುತ್ತದೆ. ಒಂದು ಹಿಡಿ ಹೊಟ್ಟನ್ನು ಗಾಜಿನ ಲೋಟದ ನೀರಿನಲ್ಲಿ ನೆನೆಸಿ ಬಿಸಿಲಿಗೆ ಹಿಡಿಯಿರಿ. ನೀರು ಜೇನಿನ ಬಣ್ಣಕ್ಕೆ ತಿರುಗಿ, ಓರೆಯಾಗಿ ನೋಡಿದರೆ ಅಂಚಿನಲ್ಲಿ ನೀಲಿ ಹೊಳೆಯುತ್ತದೆ. ನೋಡಲು ಸೊಗಸು, ಬಟ್ಟೆಗೆ ಮಾತ್ರ ಅಪಾಯ. ನಾನು ಹೊನ್ನೆಯ ಹಲಗೆಯಲ್ಲಿ ಗಣಪತಿಯ ಪೀಠ ಮಾಡಿ ಪಾಲಿಶ್ ಹಾಕದೆ ಇಟ್ಟಿದ್ದೆ. ಅಭಿಷೇಕದ ನೀರು ಚೆಲ್ಲಿ, ಕೆಳಗೆ ಹಾಸಿದ್ದ ಬಿಳಿ ಪಂಚೆಯ ಮೇಲೆ ಹಳದಿ ಕಲೆ ಹರಡಿತು. ಆ ಪಂಚೆ ಈಗ ಮರ ಒರೆಸುವ ಬಟ್ಟೆಯಾಗಿದೆ.

ಪ್ಯಾಲೆಟ್ ಮರ ಸುರಕ್ಷಿತವೇ?

ಗುರುತು ನೋಡಿ ತೀರ್ಮಾನಿಸಿ. ದೇಶದಿಂದ ದೇಶಕ್ಕೆ ಹೋಗುವ ಮರದ ಪ್ಯಾಕಿಂಗ್ ಮೇಲೆ ತೆನೆಯ ಚಿತ್ರವಿರುವ ಮುದ್ರೆ ಇರುತ್ತದೆ. ಅದರಲ್ಲಿ ದೇಶದ ಎರಡಕ್ಷರದ ಸಂಕೇತ, ಜೊತೆಗೆ ಮರಕ್ಕೆ ಯಾವ ಉಪಚಾರ ಆಗಿದೆ ಎಂಬ ಅಕ್ಷರಗಳಿರುತ್ತವೆ. ‘ಎಚ್‌ಟಿ’ ಎಂದಿದ್ದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಮುಟ್ಟಿ 30 ನಿಮಿಷ ಅಲ್ಲೇ ಇರುವಂತೆ ಕಾಯಿಸಿದ್ದಾರೆ ಎಂದರ್ಥ, ಅದನ್ನು ಬಳಸಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ. ಅದನ್ನು ಮನೆಯೊಳಕ್ಕೆ ತರಬೇಡಿ. ಮುದ್ರೆಯೇ ಇಲ್ಲದಿದ್ದರೆ ಅದು ಬಹುಶಃ ದೇಶದೊಳಗೇ ಓಡಾಡಿದ್ದು. ಎಣ್ಣೆಯ ಕಲೆ, ರಾಸಾಯನಿಕದ ವಾಸನೆ ಇದ್ದರೆ ಬಿಟ್ಟುಬಿಡಿ. ಮುದ್ರೆ ಏನೇ ಇರಲಿ, ಪ್ಯಾಲೆಟ್ ಮರದಲ್ಲಿ ಊಟದ ತಟ್ಟೆ, ತರಕಾರಿ ಹೆಚ್ಚುವ ಮಣೆ ಮಾಡಬೇಡಿ. ಅದರ ಮೇಲೆ ಏನೇನು ಸೋರಿತ್ತೋ ಯಾರಿಗೆ ಗೊತ್ತು.

ಹಳೆಯ ಬಣ್ಣವನ್ನು ಉಜ್ಜಿ ತೆಗೆಯಬಹುದೇ?

ಒಣ ಉಜ್ಜುವಿಕೆ ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಹಳೆಯ ಎನಾಮೆಲ್ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸಿದ ನಿಯಮ 2016ರದ್ದು, ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅಜ್ಜನ ಕಾಲದ ಹಸಿರು ಕಿಟಕಿಯಲ್ಲಿ ಸೀಸ ಇದೆ ಎಂದೇ ಲೆಕ್ಕ ಹಾಕಿ. ಆ ಪುಡಿ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. ಮಕ್ಕಳೂ ಗರ್ಭಿಣಿಯರೂ ಕೆಲಸದ ಜಾಗದ ಹತ್ತಿರ ಸುಳಿಯಬಾರದು.

ಬಣ್ಣ ತೆಗೆಯಲೇಬೇಕೆಂದಿದ್ದರೆ ಬಣ್ಣ ಕರಗಿಸುವ ದ್ರಾವಣ ಹಚ್ಚಿ, ಮೆತ್ತಗಾದ ಮೇಲೆ ಕೆರೆದು ತೆಗೆಯಿರಿ. ಉಳಿದದ್ದನ್ನು ನೀರು ಸವರುತ್ತ ಉಜ್ಜಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದ ಕೆಸರನ್ನೆಲ್ಲ ಅದರಲ್ಲೇ ಸುತ್ತಿಡಿ. ಬ್ಲೋ ಲ್ಯಾಂಪ್ ಹಿಡಿದು ಸುಡಬೇಡಿ, ಸೀಸದ ಹೊಗೆ ಪುಡಿಗಿಂತ ಕೆಟ್ಟದ್ದು. ಎದ್ದುಹೋಗುತ್ತಿರುವ ಬಣ್ಣದ ಚೆಕ್ಕೆಗಳೇ ಚೆಂದ, ಹಾಗೇ ಇರಲಿ ಎನ್ನುವವರಿದ್ದಾರೆ. ಗೋಡೆಯ ಮೇಲೆ ಎತ್ತರದಲ್ಲಿ ತೂಗುಹಾಕುವ ವಸ್ತುವಾದರೆ ಮೇಲೆ ವಾರ್ನಿಷ್ ಬಳಿದು ಬಂಧಿಸಿಡಬಹುದು. ಮಗು ಕೈಯಿಟ್ಟು ನಿಲ್ಲುವ ಬೆಂಚಿಗೆ ಆ ಶೋಕಿ ಬೇಡ.

ಹೊಗೆ ಹಿಡಿದ ಮರವನ್ನು ತೊಳೆಯುವುದು ಹೇಗೆ?

ಅಡುಗೆಮನೆಯ ಅಟ್ಟದ ಮರದ ಮೇಲೆ ಮಸಿ, ಇಲ್ಲಣ, ಎಣ್ಣೆ ಎಲ್ಲ ಸೇರಿ ತಾರಿನಂಥ ಪದರ ಕಟ್ಟಿರುತ್ತದೆ. ಅದರ ಮೇಲೆ ಫೆವಿಕಾಲ್ ಹಿಡಿಯುವುದಿಲ್ಲ, ಪಾಲಿಶ್ ಒಣಗುವುದಿಲ್ಲ. ಮೊದಲು ಒಣ ಬ್ರಷ್ಷಿನಿಂದ ಇಲ್ಲಣ ತೆಗೆದು, ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ, ತೆಂಗಿನ ನಾರಿನಿಂದ ಮರದ ಎಳೆಗಳ ಗುಂಟ ತಿಕ್ಕಿ. ಕೈಗೆ ಗ್ಲೌಸ್ ಇರಲಿ. ಆಮೇಲೆ ಎರಡು ಸಲ ಬರಿನೀರಿನಲ್ಲಿ ತೊಳೆಯಿರಿ. ಸೋಡಾ ಉಳಿದರೆ ತೇಗ, ಹೊನ್ನೆ ಕಪ್ಪಾಗುತ್ತವೆ. ಒಣಗಿಸುವುದು ನೆರಳಿನಲ್ಲಿ, ಹಲಗೆಗಳ ನಡುವೆ ರಿಪೀಸು ಎಂಬ ಸಣ್ಣ ಮರದ ಪಟ್ಟಿಗಳನ್ನಿಟ್ಟು, ಗಾಳಿಯಾಡುವ ಹಾಗೆ. ಬಿಸಿಲಿಗೆ ಹಾಕಿದರೆ ಒಂದು ಮಗ್ಗುಲು ಬೇಗ ಒಣಗಿ ಹಲಗೆ ದೋಣಿಯ ಹಾಗೆ ಬಾಗುತ್ತದೆ.

ಮೊಳೆಯ ಸುತ್ತ ಕಪ್ಪು ಕಲೆ ಇದ್ದರೆ ಅದು ಕೊಳೆಯಲ್ಲ. ಮರದ ಒಗರು ಮತ್ತು ಕಬ್ಬಿಣ ತೇವದಲ್ಲಿ ಕೂಡಿದಾಗ ಆಗುವ ಶಾಯಿ ಅದು. ನಿಂಬೆ ಹೋಳು ಉಜ್ಜಿ ಅರ್ಧ ಗಂಟೆ ಬಿಟ್ಟು ತೊಳೆದರೆ ತಿಳಿಯಾಗುತ್ತದೆ. ನಾನು ಈಗೀಗ ಆ ಕಲೆಗಳನ್ನು ಹಾಗೇ ಬಿಡುತ್ತೇನೆ.

ತುಕ್ಕು ಹಿಡಿದ ಮೊಳೆಗಳನ್ನು ಕೀಳುವ ಉಪಾಯವೇನು?

ಹಿಂದಿನಿಂದ ಶುರುಮಾಡಿ. ಮೊಳೆಯ ಮೊನೆ ಹೊರಬಂದಿದ್ದರೆ ಮೊದಲು ಅದನ್ನು ನೆಟ್ಟಗೆ ಮಾಡಿ, ಮೊನೆಯ ಮೇಲೆ ಸುತ್ತಿಗೆಯಿಂದ ಹೊಡೆಯಿರಿ. ತಲೆ ಎದುರು ಮಗ್ಗುಲಲ್ಲಿ ಅರ್ಧ ಇಂಚು ಮೇಲೇಳುತ್ತದೆ. ಅಲ್ಲಿ ಸುತ್ತಿಗೆಯ ಕೊಂಬು ಸಿಕ್ಕಿಸಿ, ಮರಕ್ಕೆ ಗಾಯವಾಗದಂತೆ ಕೆಳಗೆ ತಗಡಿನ ತುಂಡಿಟ್ಟು ಮೀಟಿ. ಬರದಿದ್ದರೆ ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿಯನ್ನು ಮೊಳೆಯ ತಲೆಗೆ ಒಂದು ನಿಮಿಷ ತಾಗಿಸಿ ಹಿಡಿಯಿರಿ. ಕಾದ ಕಬ್ಬಿಣ ಹಿಗ್ಗಿ, ಆರಿ ಕುಗ್ಗಿದಾಗ ತುಕ್ಕಿನ ಹಿಡಿತ ಸಡಿಲವಾಗುತ್ತದೆ. ತಲೆ ಮುರಿದೇಹೋದರೆ ಆ ಜಾಗ ಬಿಟ್ಟು ಕೊಯ್ಯಿರಿ.

ಎಲ್ಲ ಕಿತ್ತೆ ಎಂದುಕೊಂಡ ಮೇಲೆ ಹಳೆಯ ರೇಡಿಯೋ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಹಲಗೆಯ ಮೇಲೆ ತೇಲಿಸುತ್ತ ಹೋಗಿ. ಒಳಗೆ ಮೊಳೆ ಇದ್ದಲ್ಲಿ ಅದು ತಟ್ಟನೆ ವಾಲುತ್ತದೆ. ನಾನು ಇಪ್ಪತ್ತೆಂಟು ಮೊಳೆ ಕಿತ್ತ ಒಂದು ಜಂತೆಯಲ್ಲಿ ಅದು ಇನ್ನೂ ಐದನ್ನು ತೋರಿಸಿತು. ಗರಗಸದ ಹಲ್ಲಿನ ಬೆಲೆ ಗೊತ್ತಿರುವವರು ಈ ಹತ್ತು ನಿಮಿಷ ಉಳಿಸಲು ಹೋಗುವುದಿಲ್ಲ.

ಯಾವ ಉಪಕರಣಗಳು ಬೇಕು?

ಕೈಗರಗಸ, ಸುತ್ತಿಗೆ, ಮುಕ್ಕಾಲು ಇಂಚಿನ ಒಂದು ಉಳಿ, ಕೊಡತಿ, ಮೂಲೆಮಟ್ಟ, ಅಳತೆ ಪಟ್ಟಿ, ಉಜ್ಜುಗೊರಡು, ಮರವನ್ನು ಬಿಗಿಹಿಡಿಯುವ ಎರಡು ಕ್ಲಾಂಪ್‌ಗಳು. ಕೊಳ್ಳುವ ಯಂತ್ರ ಒಂದೇ ಆದರೆ ಅದು ಡ್ರಿಲ್ ಆಗಿರಲಿ. ಉಪ್ಪುಕಾಗದ 80, 120, 220ರ ಕ್ರಮದಲ್ಲಿ. ಗ್ರೈಂಡರಿಗೆ ಮರ ಕೊಯ್ಯುವ ಚಕ್ರ ಹಾಕಿಕೊಂಡು ಕೆಲಸ ಮಾಡುವವರನ್ನು ನೋಡಿ ಕಲಿಯಬೇಡಿ. ಹಳೆಯ ಮರದಲ್ಲಿ ಅಡಗಿದ ಒಂದು ಮೊಳೆಗೆ ಆ ಚಕ್ರ ಸಿಕ್ಕಿಕೊಂಡರೆ ಯಂತ್ರ ಹಿಮ್ಮೆಟ್ಟುವುದು ನಿಮ್ಮ ಮುಖದ ಕಡೆಗೆ. ಇನ್ನು ದೂಳು. ಮರದ ದೂಳನ್ನು ಕ್ಯಾನ್ಸರ್ ತರಬಲ್ಲ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದ್ದಾರೆ. ಕೋವಿಡ್ ಕಾಲದಲ್ಲಿ ಕೊಂಡಿಟ್ಟ ಎನ್-95 ಮುಖಗವಸುಗಳು ಮನೆಯಲ್ಲಿ ಉಳಿದಿದ್ದರೆ ಅವುಗಳಿಗೆ ಈಗ ಕೆಲಸ.

ಮೊದಲ ಕೆಲಸವಾಗಿ ಏನು ಮಾಡಲಿ?

ತೋರಣದ ಪಟ್ಟಿ. ಬಾಗಿಲ ಚೌಕಟ್ಟಿನಷ್ಟು ಉದ್ದದ, ಎರಡು ಇಂಚು ಅಗಲದ ಹಳೆಯ ರಿಪೀಸು ಸಾಕು. ಅಂಚಿನ ಗುಂಟ ಎರಡೆರಡು ಇಂಚಿಗೆ ಸಣ್ಣ ಕೊಕ್ಕೆ ಹಾಕಿ. ಯುಗಾದಿಗೆ ಮಾವಿನೆಲೆಯ ಜೊತೆ ಬೇವು, ದೀಪಾವಳಿಗೆ ಚೆಂಡುಹೂವು, ಹೀಗೆ ಹಬ್ಬಕ್ಕೆ ತಕ್ಕ ಹಾಗೆ ಸಿಕ್ಕಿಸಿ ತೆಗೆಯಬಹುದು. ಪ್ರತಿ ಹಬ್ಬಕ್ಕೂ ಬಾಗಿಲಿಗೆ ಹೊಸ ಮೊಳೆ ಹೊಡೆಯುವುದು ನಿಲ್ಲುತ್ತದೆ. ಅಳೆಯುವುದು, ಕೊಯ್ಯುವುದು, ಉಜ್ಜುವುದು, ಎಣ್ಣೆ ಹಚ್ಚುವುದು ನಾಲ್ಕೂ ಒಂದೇ ಮಧ್ಯಾಹ್ನದಲ್ಲಿ ಕೈಗೆ ಹತ್ತುತ್ತವೆ.

ದಸರಾ ಗೊಂಬೆಯ ಮೆಟ್ಟಿಲು ಮಾಡಬೇಕು. ಅಳತೆ ಕೊಡುತ್ತೀರಾ?

ಕೊಡುತ್ತೇನೆ. ಅದಕ್ಕೆ ಮೊದಲು ಒಂದು ಮಾತು. ಗೊಂಬೆಗಳು ಕೂರುವುದು ನವರಾತ್ರಿಯಲ್ಲಿ, ಪಾಡ್ಯದಿಂದ ವಿಜಯದಶಮಿಯವರೆಗೆ. ಮಿಕ್ಕ ಮುನ್ನೂರೈವತ್ತಕ್ಕೂ ಹೆಚ್ಚು ದಿನ ಮೆಟ್ಟಿಲು ಎಲ್ಲಿರುತ್ತದೆ? ನನ್ನ ಮೊದಲ ಮೆಟ್ಟಿಲು ಏಳು ಹಂತದ್ದು, ಭದ್ರವಾದದ್ದು, ಒಂದೇ ತುಂಡಿನದ್ದು. ಹಬ್ಬ ಮುಗಿದ ಮರುದಿನ ಅದು ಅಟ್ಟ ಹತ್ತಲಿಲ್ಲ, ಬಾಗಿಲಲ್ಲಿ ತೂರಲಿಲ್ಲ. ಬಾಲ್ಕನಿಯಲ್ಲಿ ಎರಡು ಮಳೆಗಾಲ ನೆಂದು ಸೌದೆಯಾಯಿತು. ಹಬ್ಬದ ವಸ್ತುವನ್ನು ಹಬ್ಬದ ದಿನಕ್ಕಲ್ಲ, ಹಬ್ಬವಲ್ಲದ ದಿನಗಳಿಗೆ ಹೊಂದುವಂತೆ ಮಾಡಬೇಕು ಎಂದು ಅದು ಕಲಿಸಿತು.

ಈಗಿನದು ಮೂರು ಹಂತದ್ದು. ಮೆಟ್ಟಿಲುಗಳ ಸಂಖ್ಯೆ ಬೆಸವಾಗಿರಬೇಕೆಂಬುದು ಪದ್ಧತಿ, ಮೂರು ಅದಕ್ಕೆ ಸಲ್ಲುತ್ತದೆ. ನಿಜದಲ್ಲಿ ಅವು ಮೂರು ಬಿಡಿ ಬೆಂಚುಗಳು. ಎತ್ತರ 9, 18, 27 ಇಂಚು. ಉದ್ದ ಕ್ರಮವಾಗಿ 42, 45, 48 ಇಂಚು. ಮೂರರ ಅಗಲವೂ 10 ಇಂಚು, ಹಲಗೆಯ ದಪ್ಪ 1 ಇಂಚು. ಕಾಲುಗಳೂ ಅದೇ ಹಲಗೆಯವು, ಎರಡು ತುದಿಯಲ್ಲಿ ನೇರ ನಿಲ್ಲುವಂಥವು. ದೊಡ್ಡದರ ಕಾಲುಗಳ ನಡುವೆ 46 ಇಂಚು ಜಾಗ ಉಳಿಯುತ್ತದೆ, 45ರದ್ದು ಅದರೊಳಗೆ ಸರಿಯುತ್ತದೆ. 45ರದ್ದರ ಒಳಗೆ 43 ಇಂಚು, ಅದರಲ್ಲಿ 42ರದ್ದು ಕೂರುತ್ತದೆ. ನವರಾತ್ರಿ ಮುಗಿದ ಮೇಲೆ ಮೂರೂ ಒಂದರ ಜಾಗದಲ್ಲಿ ಅಡಗುತ್ತವೆ. ಬೇಕೆಂದರೆ ಬಿಡಿಸಿಟ್ಟುಕೊಳ್ಳಿ. 18 ಇಂಚಿನದು ಕೂರುವ ಬೆಂಚು, 27ರದ್ದು ಮಕ್ಕಳು ಬರೆಯುವ ಮೇಜು, 9ರದ್ದು ಚಪ್ಪಲಿ ಹಾಕಿಕೊಳ್ಳುವಾಗ ಕೂರಲು.

ಪ್ರತಿ ಬೆಂಚಿಗೂ ಹಿಂಬದಿಯಲ್ಲಿ, ಮೇಲ್ಹಲಗೆಗೆ ತಾಗಿದಂತೆ, ಮೂರು ಇಂಚು ಅಗಲದ ಪಟ್ಟಿಯನ್ನು ಎರಡೂ ಕಾಲಿಗೆ ಸೇರಿಸಿ ಬಿಗಿಯಿರಿ. ಅದಿಲ್ಲದಿದ್ದರೆ ಬೆಂಚು ಅಕ್ಕಪಕ್ಕ ತೂಗಾಡುತ್ತದೆ. ಒಟ್ಟು 20 ಅಡಿ ಹಲಗೆ ಬೇಕು, ಅಂದರೆ 1.4 ಘನ ಅಡಿ. ಪಟ್ಟಿಗಳಿಗೆ ಬೇರೆ. ತೇಗವಾದರೆ ಮೂರೂ ಸೇರಿ 25 ಕಿಲೋ ಮೀರಬಹುದು. ಮತ್ತಿಯಾದರೆ ಎತ್ತಲು ಇಬ್ಬರು ಬೇಕು.

ಇನ್ನೊಂದು ವಿಷಯ. ಗೊಂಬೆ ಕೂರಿಸುವಾಗ ಮೆಟ್ಟಿಲಿನ ಮೇಲೆ ಬಿಳಿ ಬಟ್ಟೆ ಹಾಸುತ್ತೀರಿ. ಮರ ಕಾಣಿಸುವುದೇ ಇಲ್ಲ! ಚೆಂದದ ಎಳೆಯಿರುವ ಹಲಗೆಯನ್ನು ಇಲ್ಲಿ ಬಚ್ಚಿಡಬೇಡಿ, ವರ್ಷವಿಡೀ ಕಣ್ಣಿಗೆ ಬೀಳುವ 18 ಇಂಚಿನ ಬೆಂಚಿನ ಮೇಲ್ಭಾಗಕ್ಕೆ ಮಾತ್ರ ಅದನ್ನು ಎತ್ತಿಡಿ.

ಮಳೆಗಾಲದಲ್ಲಿ ಮಾಡಿದ್ದು ಬೇಸಿಗೆಯಲ್ಲಿ ಸೀಳುತ್ತದೆಯೇ?

ಬಿಗಿದು ಕಟ್ಟಿದರೆ ಸೀಳುತ್ತದೆ. ಮರ ಉದ್ದಕ್ಕೆ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ತೇಗದಂಥ ಸಾಧು ಮರದ ಒಂಬತ್ತು ಹತ್ತು ಇಂಚಿನ ಹಲಗೆಯೂ ಆಷಾಢದಿಂದ ಚೈತ್ರಕ್ಕೆ ಒಂದೆರಡು ಮಿಲಿಮೀಟರ್ ಕುಗ್ಗಬಲ್ಲದು. ಅಗಲದ ಹಲಗೆಗೆ ಅಡ್ಡಪಟ್ಟಿ ಹಾಕುವಾಗ ನಡುವಿನ ತಿರುಪು ಮೊಳೆ ಮಾತ್ರ ಬಿಗಿಯಾಗಿರಲಿ, ತುದಿಯ ಎರಡಕ್ಕೆ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದವಾಗಿ ಕೊರೆಯಿರಿ. ಅಲ್ಲಿ ಫೆವಿಕಾಲ್ ಹಚ್ಚಬೇಡಿ. ಹಳೆಯ ಬಾಗಿಲುಗಳಲ್ಲಿ ಹಲಗೆಗಳನ್ನು ಚೌಕಟ್ಟಿನಲ್ಲಿ ಕೊರೆದ ಉದ್ದ ಕಾಲುವೆಯೊಳಗೆ ಅಂಟಿಲ್ಲದೆ ಬಿಟ್ಟಿರುತ್ತಾರೆ, ನೋಡಿದ್ದೀರಾ? ಕಾರಣ ಇದೇ.

ದೀಪಾವಳಿಗೆ ದೀಪದ ಹಲಗೆ, ಗೂಡುದೀಪ ಮಾಡಬಹುದೇ?

ದೀಪದ ಹಲಗೆಗೆ ಎರಡು ಇಂಚು ದಪ್ಪದ ಜಂತೆಯ ತುಂಡು ಒಳ್ಳೆಯದು. ಹಣತೆಯ ತಳ ಕೂರುವಷ್ಟು ಕುಳಿಯನ್ನು ಉಳಿಯಿಂದ ಅರ್ಧ ಇಂಚು ಆಳ ತೋಡಿ, ಅದರೊಳಗೆ ಹಿತ್ತಾಳೆಯ ಅಥವಾ ತಗಡಿನ ಬಿಲ್ಲೆ ಕೂರಿಸಿ. ಮಣ್ಣಿನ ಹಣತೆ ಎಣ್ಣೆ ಕುಡಿದು ತಳದಲ್ಲಿ ಜಿನುಗುತ್ತದೆ, ಎಣ್ಣೆ ಕುಡಿದ ಮರ ಬತ್ತಿಯಾಗುತ್ತದೆ. ಹಣತೆಯಿಂದ ಹಣತೆಗೆ ಆರು ಇಂಚು ಅಂತರವಿರಲಿ, ಮೇಲೆ ತೋರಣ, ಪರದೆ ಏನೂ ತೂಗುತ್ತಿರಬಾರದು. ಹೊಸದಾಗಿ ಪಾಲಿಶ್ ಹಾಕಿದ ಹಲಗೆಯ ಮೇಲೆ ಅದೇ ವಾರ ದೀಪ ಹಚ್ಚಬೇಡಿ. ರಾತ್ರಿ ಮಲಗುವ ಮೊದಲು ಎಲ್ಲ ಆರಿವೆಯೇ ಎಂದು ನೋಡುವುದು ಹಲಗೆ ಮಾಡಿದವರ ಜವಾಬ್ದಾರಿ.

ಕರಾವಳಿಯವರ ಗೂಡುದೀಪ, ಬೇರೆ ಕಡೆಯ ಆಕಾಶಬುಟ್ಟಿಗೆ ಬಿದಿರಿನ ಕಡ್ಡಿಯೇ ಹಗುರ, ಅದೇ ಸರಿ. ಮರದಲ್ಲೇ ಮಾಡುವ ಆಸೆಯಿದ್ದರೆ ಕಿಟಕಿಯ ಗಾಜು ಹಿಡಿದಿದ್ದ ತೆಳು ಪಟ್ಟಿಗಳು ಸಿಗುತ್ತವೆ. ಒಂದೊಂದು ಅಡಿಯ ಹನ್ನೆರಡು ಪಟ್ಟಿಗೆ ಒಂದು ಚೌಕ ಗೂಡಾಗುತ್ತದೆ. ಒಳಗೆ ಎಲ್‌ಇಡಿ ಬಲ್ಬು ಮಾತ್ರ.

ಕ್ರಿಸ್ಮಸ್ಸಿಗೆ ಗೋದಲಿ?

ಹಳೆಯ ಮರಕ್ಕೆ ಇದಕ್ಕಿಂತ ಒಪ್ಪುವ ಕೆಲಸವಿಲ್ಲ. ಗೋದಲಿ ಎಂದರೆ ಯೇಸು ಹುಟ್ಟಿದ ದನದ ಕೊಟ್ಟಿಗೆಯ ಮಾದರಿ. ಕೊಟ್ಟಿಗೆ ನುಣುಪಾಗಿ ಹೊಳೆದರೆ ಅದು ಕೊಟ್ಟಿಗೆಯೇ? ಪ್ಯಾಲೆಟ್ಟಿನ ಬೂದು ಹಲಗೆಗಳನ್ನು ಉಜ್ಜದೆ, ಸಿಬಿರು ಮಾತ್ರ ತೆಗೆದು ಬಳಸಿ. ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರವಿದ್ದರೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಗೊಂಬೆಗಳಿಗೆ ಸಾಕು. ಮಾಡನ್ನು ಬಿಡಿಯಾಗಿ, ತಿಜಾಗರಿ ಹಾಕಿ ಜೋಡಿಸಿದರೆ ಜನವರಿಯಲ್ಲಿ ಚಪ್ಪಟೆಯಾಗಿ ಮಡಚಿಡಬಹುದು. ಮಂಗಳೂರಿನ ಕಡೆ ಗೋದಲಿಯ ಮುಂದೆ ರಾಗಿಯನ್ನೋ ಭತ್ತವನ್ನೋ ಮೊಳೆಸಿ ಹಸಿರು ಬೆಳೆಸುತ್ತಾರೆ. ಆ ನೀರು ಮರಕ್ಕೆ ತಾಗದಂತೆ ತಗಡಿನ ತಟ್ಟೆಯಲ್ಲಿ ಬಿತ್ತಿ.

ಹೊಸ್ತಿಲಿನ ಮರದಲ್ಲಿ ಬೆಂಚು ಮಾಡಬಹುದೇ?

ಮರದ ದೃಷ್ಟಿಯಿಂದ ಅದಕ್ಕಿಂತ ಗಟ್ಟಿ ತುಂಡು ಮನೆಯಲ್ಲೇ ಇರುವುದಿಲ್ಲ. ನಾನೂ ಬೆಂಚೆಂದೇ ಗುರುತು ಹಾಕಿದ್ದೆ. ನಮ್ಮ ದೊಡ್ಡಮ್ಮ ಬಂದು ನೋಡಿದರು. ನಡುಭಾಗ ಮೂರು ತಲೆಮಾರಿನ ಕಾಲು ಸವರಿ ತಗ್ಗಾಗಿತ್ತು, ಎರಡು ಕೊನೆಯಲ್ಲಿ ಅರಿಸಿನ ಎಳೆಯೊಳಗೆ ಇಳಿದು ಹೋಗಿತ್ತು. “ಹಿರಣ್ಯಕಶಿಪುವಿನ ಹೊಟ್ಟೆ ಬಗೆದ ಜಾಗ ಅದು. ಅದರ ಮೇಲೆ ಕೂರುವುದೇ?” ಎಂದರು. ವಾದಿಸುವ ಮನಸ್ಸಾಗಲಿಲ್ಲ. ಅರಿಸಿನವನ್ನು ತೊಳೆಯದೆ ಹಾಗೇ ಬಿಟ್ಟು, ಎರಡು ಕಬ್ಬಿಣದ ಕೊಂಡಿಯ ಮೇಲೆ ಎದೆಯೆತ್ತರಕ್ಕೆ ಗೋಡೆಗೆ ಕೂರಿಸಿದೆ. ಈಗ ಸಂಜೆ ದೀಪ ಇಡುವುದು ಆ ತಗ್ಗಿನಲ್ಲೇ. ನಿಮ್ಮ ಮನೆಯ ಹಿರಿಯರನ್ನು ಕೊಯ್ಯುವ ಮೊದಲೇ ಕೇಳಿ, ಕೊಯ್ದ ಮೇಲೆ ಕೇಳಿ ಪ್ರಯೋಜನವಿಲ್ಲ.

ಎತ್ತಿನ ಗಾಡಿಯ ಚಕ್ರ, ನೊಗ ಸಿಕ್ಕಿದೆ. ಏನು ಮಾಡಲಿ?

ಚಕ್ರದ ಮೇಲೆ ಗಾಜಿಟ್ಟು ಟೀಪಾಯಿ ಮಾಡುವುದು ಎಲ್ಲ ರೆಸಾರ್ಟಿನಲ್ಲೂ ಆಗಿದೆ. ಮಾಡುವುದಾದರೆ ಕಬ್ಬಿಣದ ಪಟ್ಟಿ ಸಡಿಲವಾಗಿದೆಯೇ ನೋಡಿ. ಆ ಪಟ್ಟಿಯನ್ನು ಕಾಯಿಸಿ ಹಿಗ್ಗಿಸಿ ತೊಡಿಸಿ, ನೀರೆರೆದು ಬಿಗಿದಿರುತ್ತಾರೆ. ಚಕ್ರವನ್ನು ಹಿಡಿದಿರುವುದು ಮೊಳೆಯಲ್ಲ, ಆ ಬಿಗಿತ. ಮರ ಒಣಗಿ ಕುಗ್ಗಿದ್ದರೆ ಇಡೀ ಚಕ್ರ ಕೈಯಲ್ಲಿ ಬಿಚ್ಚಿಕೊಳ್ಳುತ್ತದೆ. ನೊಗ ಚಾವಣಿಯಿಂದ ತೂಗುಬಿಟ್ಟು ದೀಪ ನೇತುಹಾಕಲು ಹೇಳಿ ಮಾಡಿಸಿದಂತಿದೆ. ತೂತುಗಳು ಮೊದಲೇ ಇರುತ್ತವೆ.

ಹುಳ, ಗೆದ್ದಲು ಇದ್ದರೆ?

ಗೆದ್ದಲು ತಿಂದ ಮರದ ಮೇಲೆ ಮಣ್ಣಿನ ಗೆರೆಗಳಿರುತ್ತವೆ, ತಟ್ಟಿದರೆ ಟೊಳ್ಳು ಸದ್ದು. ಅದನ್ನು ಮನೆಗೆ ತರಲೇಬೇಡಿ. ಗುಂಡುಸೂಜಿಯ ತಲೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಅದು ಕುಟ್ಟೆ ಹುಳ. ಹಲಗೆಯ ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಹೊಸ ಹಿಟ್ಟು ಬಿದ್ದರೆ ಹುಳ ಜೀವಂತವಾಗಿದೆ, ಬೀಳದಿದ್ದರೆ ಬಹುಶಃ ಹಳೆಯ ಕಥೆ. ಮೂರು ಪಾಲು ಬಿಳಿಗಾರ, ಎರಡು ಪಾಲು ಬೋರಿಕ್ ಪುಡಿ ಬೆರೆಸಿ, ಆ ಮಿಶ್ರಣದ 50 ಗ್ರಾಮನ್ನು ಒಂದು ಲೀಟರ್ ಬಿಸಿನೀರಿನಲ್ಲಿ ಕರಗಿಸಿ ಪಾಲಿಶ್ ಇಲ್ಲದ ಬರಿಮರಕ್ಕೆ ಎರಡು ಮೂರು ಸಲ ಬಳಿಯಿರಿ. ಮಳೆಗೆ ತೊಳೆದುಹೋಗುವುದರಿಂದ ಇದು ಮನೆಯೊಳಗಿನ ವಸ್ತುಗಳಿಗೆ ಮಾತ್ರ. ಊಟಕ್ಕೆ ಬಳಸುವ ಯಾವುದಕ್ಕೂ ಬೇಡ, ಮಕ್ಕಳ ಕೈಗೂ ಸಿಗಬಾರದು.

ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾರೆ. ಹೊರಗಿನ ಕಂಬಕ್ಕೆ, ಬೇಲಿಗೆ ಒಳ್ಳೆಯದು. ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ, ಆದ್ದರಿಂದ ಕೂರುವ ವಸ್ತುವಿಗೆ ಹಚ್ಚಬೇಡಿ.

ಕೊನೆಗೆ ಏನು ಹಚ್ಚುವುದು? ಕೊಬ್ಬರಿ ಎಣ್ಣೆ ಆಗುತ್ತದೆಯೇ?

ಕೊಬ್ಬರಿ ಎಣ್ಣೆ ಒಣಗುವುದಿಲ್ಲ. ದೂಳು ಹಿಡಿದು, ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಒಣಗುತ್ತದೆ. ಹಸಿ ಎಣ್ಣೆಯಾದರೆ ವಾರಗಟ್ಟಲೆ, ಅಂಗಡಿಯಲ್ಲಿ ಕುದಿಸಿದ್ದೆಂದು ಮಾರುವುದಾದರೆ ಒಂದೆರಡು ದಿನ. ತೆಳುವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು ಉಳಿದದ್ದನ್ನೆಲ್ಲ ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಕೂಡುತ್ತಾ ಹೋಗಿ ಕಡ್ಡಿ ಗೀರದೆಯೇ ಬೆಂಕಿ ಹತ್ತುತ್ತದೆ. ನೀರಿನಲ್ಲಿ ಅದ್ದಿಡಿ, ಇಲ್ಲವೇ ಹೊರಗೆ ತಂತಿಯ ಮೇಲೆ ಬಿಡಿಸಿ ಒಣಗಿಸಿ.

ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಮಾಡುವ ಫ್ರೆಂಚ್ ಪಾಲಿಶ್ ಹೊಳಪು ಕೊಡುತ್ತದೆ, ಬೇಗ ಒಣಗುತ್ತದೆ. ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಬಳೆ ಮೂಡುತ್ತದೆ ಎಂಬುದಷ್ಟೇ ದೋಷ. ಚನ್ನಪಟ್ಟಣದ ಗೊಂಬೆಗಳ ಹೊಳಪೂ ಅರಗಿನದೇ. ಅಲ್ಲಿ ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೆ ಕರಗಿಸುತ್ತಾರೆ. ಮಣೆಗಳಿಗೆ ನಾನು ಅಗಸೆ ಎಣ್ಣೆಯ ಮೇಲೆ ಜೇನುಮೇಣ ಉಜ್ಜುತ್ತೇನೆ. ಗಾಜಿನಂಥ ಹೊಳಪಿನ ವಾರ್ನಿಷನ್ನು ಹಳೆಯ ಮರದ ಮೇಲೆ ನೋಡಿದರೆ ಅಜ್ಜನಿಗೆ ಕೂದಲಿಗೆ ಬಣ್ಣ ಹಚ್ಚಿದ ಹಾಗೆ ಕಾಣುತ್ತದೆ.

ಕಾನೂನಿನ ತೊಡಕು ಏನಾದರೂ ಇದೆಯೇ?

ಇದೆ. ಮರ ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕಾಗಬಹುದು. ಕೆಡವಿದ ಮನೆಯ ತೇಗ, ಬೀಟೆಯನ್ನು ಊರಿನಿಂದ ಊರಿಗೆ ಲಾರಿಯಲ್ಲಿ ತರುವ ಮೊದಲು ಅಲ್ಲಿನ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ನಿಂತಿದ್ದ ಮನೆಯ ಫೋಟೊ ತೆಗೆದಿಟ್ಟುಕೊಂಡರೆ ಉಪಯೋಗಕ್ಕೆ ಬರುತ್ತದೆ. ಶ್ರೀಗಂಧದ ತುಂಡು ಸಿಕ್ಕರೆ ಕೊಯ್ಯುವ ಯೋಚನೆ ಬಿಟ್ಟು ಮೊದಲು ಇಲಾಖೆಯನ್ನು ಕೇಳಿ. ನೂರು ವರ್ಷಕ್ಕೂ ಹಳೆಯ ಕೆತ್ತನೆಗಳು, ರಥದ ಗೊಂಬೆಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಅಂಥದ್ದನ್ನು ಟೀಪಾಯಿ ಮಾಡುವುದು ಕಾನೂನಿಗಿಂತ ಮೊದಲು ಮನಸ್ಸಿಗೇ ಒಪ್ಪಬಾರದು.

ವಿದೇಶದಲ್ಲಿರುವ ಮಗಳಿಗೆ ಕಳುಹಿಸಬಹುದೇ?

ಬೀಟೆ ಮರ 2017ರಿಂದ ಸೈಟಿಸ್ ಒಪ್ಪಂದದ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವಿದೇಶ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಎರಡನೇ ಅನುಬಂಧದಲ್ಲಿದೆ, ದಾಖಲೆಪತ್ರದ ತಲೆನೋವು ಬೇಡವೆಂದರೆ ಅದನ್ನು ಬಿಡಿ. ಆಸ್ಟ್ರೇಲಿಯಕ್ಕಾದರೆ ಮರದ ವಸ್ತುವನ್ನು ಘೋಷಿಸಲೇಬೇಕು. ತೊಗಟೆ, ಹುಳದ ತೂತು ಕಂಡರೆ ಅಲ್ಲೇ ತಡೆಯುತ್ತಾರೆ. ನನ್ನ ಸಲಹೆ ಕೇಳಿದರೆ, ಅಲ್ಲಿನ ಹಳೆಯ ಪ್ಯಾಲೆಟ್ಟಿನಲ್ಲೇ ಮೂರು ಬೆಂಚು ಮಾಡಿಕೊಳ್ಳಲಿ. ಅಳತೆ ಮೇಲಿದೆ. ಗೊಂಬೆಗಳನ್ನು ಮಾತ್ರ ಇಲ್ಲಿಂದ ಕಳುಹಿಸಿ.

ಉಳಿದ ಚೂರು, ಹೊಟ್ಟು ಏನು ಮಾಡುವುದು?

ಬಣ್ಣ ಕಂಡ ಮರ, ಪ್ಲೈವುಡ್, ಪ್ಯಾಲೆಟ್ ಚೂರು ಒಲೆಗೆ ಬೇಡ. ನುಣ್ಣಗಿನ ಹೊಟ್ಟನ್ನು ಡಬ್ಬಿಯಲ್ಲಿ ಎತ್ತಿಡಿ, ಫೆವಿಕಾಲ್ ಜೊತೆ ಕಲಸಿದರೆ ಬಿರುಕು, ತೂತು ತುಂಬಲು ಅದೇ ಮರದ ಬಣ್ಣದ ಲಪ್ಪವಾಗುತ್ತದೆ. ಶುದ್ಧವಾದ ತೇಗ, ಹಲಸಿನ ಚೂರುಗಳನ್ನು ಚೀಲದಲ್ಲಿ ಕೂಡಿಸಿ ಊರಿಗೆ ಕೊಂಡೊಯ್ಯುತ್ತೇನೆ. ನೀರು ತುಂಬುವ ಹಬ್ಬದ ಸಂಜೆ ದೊಡ್ಡಮ್ಮ ಹಂಡೆ ತೊಳೆದು ನೀರು ತುಂಬಿಸುವ ಹೊತ್ತಿಗೆ ಆ ಚೀಲ ಬಚ್ಚಲೊಲೆಯ ಪಕ್ಕದಲ್ಲಿರಬೇಕು. ಬೆಳಗಿನ ಜಾವ ನಾಲ್ಕಕ್ಕೆ ಎಣ್ಣೆಸ್ನಾನಕ್ಕೆ ಒಲೆ ಹೊತ್ತಿಸುವಾಗ ಒಣಗಿದ ತೇಗದ ಚಕ್ಕೆಯಷ್ಟು ಬೇಗ ಹಿಡಿಯುವುದು ಬೇರೆ ಯಾವುದೂ ಇಲ್ಲ.